300 ಕಿಲೋವೋಲ್ಟ್ ಇ-ಬೀಮ್ ಲೇಸರ್: ಸಾವಿರ ಶಾಟ್ ಆಸುಪಾಸಿಗೇ ಫಾಯಿಲ್ ತೂತು, ಎಲ್ಲಿ ತಪ್ಪುತ್ತಿದೆ?

ತೂತುಫಾಯಿಲ್ · ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಮೂರನೇ ವರ್ಷ. ಲ್ಯಾಬ್ ಹೆಸರು ಹೇಳಲ್ಲ, ನಮ್ಮ ಗೈಡ್ ಇಲ್ಲಿ ಬಂದು ಓದಿದರೆ ಕಷ್ಟ.

ನಮ್ಮದು ಪುಟ್ಟ ಕ್ರಿಪ್ಟಾನ್ ಫ್ಲೋರೈಡ್ ಲೇಸರ್, ಎಲೆಕ್ಟ್ರಾನ್ ಬೀಮ್‌ನಿಂದ ಪಂಪ್ ಮಾಡೋದು. ಡಯೋಡ್‌ಗೆ (ಎಲೆಕ್ಟ್ರಾನ್ ಹೊರಡಿಸಿ ಓಡಿಸೋ ನಿರ್ವಾತದ ಭಾಗ) 300 ಕಿಲೋವೋಲ್ಟ್, ಸುಮಾರು 6.4 ಕಿಲೋಆಂಪ್, 100 ನ್ಯಾನೋಸೆಕೆಂಡ್. ಎಲೆಕ್ಟ್ರಾನ್ ಉಗುಳೋ ಕ್ಯಾಥೋಡ್ ವೆಲ್ವೆಟ್ ಬಟ್ಟೆ, 8 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದ. ಅದಕ್ಕೂ ಫಾಯಿಲ್‌ಗೂ ನಡುವಿನ ಗ್ಯಾಪ್ 4.4 ಸೆಂ.ಮೀ. ಫಾಯಿಲ್ 25 ಮೈಕ್ರಾನ್ ಟೈಟೇನಿಯಂ. ಅದರಾಚೆ ಆರ್ಗಾನ್, ಕ್ರಿಪ್ಟಾನ್, ಚೂರು ಫ್ಲೋರಿನ್, ಒಟ್ಟು 1.3 ಅಟ್ಮಾಸ್ಫಿಯರ್. ಓಡಿಸುವಾಗ ಸೆಕೆಂಡಿಗೊಂದು ಶಾಟ್, ದಿನಕ್ಕೆ ನೂರು ನೂರೈವತ್ತು.

800ರಿಂದ 1,200 ಶಾಟ್ ಒಳಗೆ ಫಾಯಿಲ್ ತೂತು. ಪ್ರತಿ ಸಲ. ಬಿಚ್ಚಿ, ಒರೆಸಿ, ಹೊಸದು ಹಾಕಿ, ವ್ಯಾಕ್ಯೂಮ್ ಇಳಿಸಿ, ಫ್ಲೋರಿನ್‌ಗೆ ಮತ್ತೆ ಒಗ್ಗಿಸೋಕೆ ಮೂರು ದಿನ. ಈ ವರ್ಷ ಹನ್ನೊಂದು ಫಾಯಿಲ್ ಆಯ್ತು. ಗೈಡ್ ಹೇಳೋದು "ಬಿಸಿ ಜಾಸ್ತಿ ಆಗ್ತಿದೆ, ಫಾಯಿಲ್‌ಗೆ ಆಸರೆ ಕೊಡೋ ಚೌಕಟ್ಟಿಗೆ ನೀರು ಹರಿಯೋ ಪಕ್ಕೆಲುಬು ಮಾಡಿಸೋಣ". ಕೊಟೇಶನ್ ನೋಡಿ ನನಗೇ ಬಿಸಿ ಏರಿತು. ಕೈಯಲ್ಲಿ ಮಾಡಿದವರು ಯಾರಾದರೂ ಇದ್ದೀರಾ?

ಬರೀ ಓದುಗ · ಸೋಮವಾರ, ರಾತ್ರಿ 11:05

ಕ್ಷಮಿಸಿ, ಬ್ಯಾಂಕ್ ನೌಕರ, ಕುತೂಹಲಕ್ಕೆ ಓದ್ತೀನಿ. ಆ ಫಾಯಿಲ್ ಯಾಕೆ ಬೇಕು? ಚಿಪ್ ಮಾಡೋ ಕಾರ್ಖಾನೆಗಳಲ್ಲೂ ಇದೇ ಥರದ ಗ್ಯಾಸ್ ಲೇಸರ್ ವರ್ಷಗಟ್ಟಲೆ ಓಡುತ್ತೆ ಅಂತ ಓದಿದ್ದೆ. ಅದನ್ನೇ ತಂದಿಟ್ಟುಕೊಂಡರೆ ಆಗಲ್ವಾ?

ವ್ಯಾಕ್ಯೂಮ್ ಮಾಮ · ಮಂಗಳವಾರ, ಬೆಳಗ್ಗೆ 6:15

ಒಳ್ಳೇ ಪ್ರಶ್ನೆ, ನಾಚಿಕೊಳ್ಳಬೇಡಿ. ಚಿಪ್ ಕಾರ್ಖಾನೆಯ 193 ನ್ಯಾನೋಮೀಟರ್ ಲೇಸರ್‌ನಲ್ಲಿ ಗ್ಯಾಸ್ ಒಳಗೇ ಎರಡು ಪಟ್ಟಿ ಇಟ್ಟು ನೇರವಾಗಿ ಕರೆಂಟ್ ಹರಿಸ್ತಾರೆ. ಸೆಕೆಂಡಿಗೆ ಆರು ಸಾವಿರ ಪಲ್ಸ್ ಕೊಡೋವು ಇವೆ, ಆದರೆ ಒಂದೊಂದು ಪಲ್ಸ್‌ನಲ್ಲಿ ಇರೋದು ಹತ್ತಿಪ್ಪತ್ತು ಮಿಲಿಜೂಲ್. ಅದನ್ನೇ ಕೋಣೆಯಷ್ಟು ದೊಡ್ಡ ಗ್ಯಾಸ್‌ಗೆ ಮಾಡಲು ಹೋದರೆ ಡಿಸ್ಚಾರ್ಜ್ ಹರಡಿಕೊಂಡು ನಿಲ್ಲಲ್ಲ, ದಾರದ ಹಾಗೆ ಒಂದೇ ಕಡೆ ಕಿಡಿಯಾಗಿಬಿಡುತ್ತೆ. ನೂರಾರು, ಸಾವಿರಾರು ಜೂಲ್ ಬೇಕಂದ್ರೆ ಎಲೆಕ್ಟ್ರಾನ್‌ಗಳನ್ನ ಹೊರಗೆ ಓಡಿಸಿ, ವೇಗ ಕೊಟ್ಟು, ಗ್ಯಾಸ್ ಒಳಗೆ ನುಗ್ಗಿಸಬೇಕು.

ಕಷ್ಟ ಶುರುವಾಗೋದು ಇಲ್ಲೇ. ಎಲೆಕ್ಟ್ರಾನ್ ಓಡೋಕೆ ನಿರ್ವಾತ ಬೇಕು. ಲೇಸರ್‌ಗೆ ಒತ್ತಡದ ಗ್ಯಾಸ್ ಬೇಕು. ನಡುವೆ ಗ್ಯಾಸ್ ತಡೆಯೋ, ಎಲೆಕ್ಟ್ರಾನ್ ಬಿಡೋ ಬಾಗಿಲು ಬೇಕು. ಆ ಬಾಗಿಲೇ ಫಾಯಿಲ್. ಈ ಹುಡುಗನ ಲೆಕ್ಕದಲ್ಲಿ 320 ಚದರ ಸೆಂ.ಮೀ. ಮೇಲೆ 1.3 ಅಟ್ಮಾಸ್ಫಿಯರ್ ಅಂದ್ರೆ ನಾಲ್ಕು ಕ್ವಿಂಟಾಲ್ ದಾಟುತ್ತೆ. ಕೂದಲಿಗಿಂತ ತೆಳ್ಳಗಿನ ತಗಡಿನ ಮೇಲೆ ನಾಲ್ಕು ಮೂಟೆ ಅಕ್ಕಿ. ಅದಕ್ಕೇ ಹಿಂದೆ ಪಕ್ಕೆಲುಬಿನ ಚೌಕಟ್ಟು ಕೊಡೋದು. ಆ ಚೌಕಟ್ಟಿಗೆ ಈ ಕ್ಷೇತ್ರದಲ್ಲಿ ಎಲ್ಲರೂ ಹೇಳೋದು ಹಿಬಾಚಿ ಅಂತ, ಜಪಾನಿನವರ ಕೆಂಡದ ಒಲೆ. ಮೇಲಿನ ಜಾಲರಿ ಹಾಗೇ ಕಾಣುತ್ತೆ.

ತೂತುಫಾಯಿಲ್ ಅವರೇ, ನಿಮಗೆ ಒಂದೇ ಪ್ರಶ್ನೆ. ಹೋದ ಫಾಯಿಲ್‌ಗಳನ್ನ ಏನು ಮಾಡಿದ್ರಿ?

ತೂತುಫಾಯಿಲ್ · ಮಂಗಳವಾರ, ಬೆಳಗ್ಗೆ 9:30

ಬಿಸಾಕಿದೆವು ಸರ್. ಎರಡು ಮಾತ್ರ ಬೀರುವಿನಲ್ಲಿವೆ ಅನ್ಸುತ್ತೆ.

ವ್ಯಾಕ್ಯೂಮ್ ಮಾಮ · ಮಂಗಳವಾರ, ಬೆಳಗ್ಗೆ 9:52

ಒಂಬತ್ತು ಸಾಕ್ಷಿಗಳನ್ನ ಕಸಕ್ಕೆ ಹಾಕಿದ್ರಲ್ಲ ಮಾರಾಯ್ರೇ! ಆ ಎರಡನ್ನ ಭೂತಗನ್ನಡಿಯಲ್ಲಿ ನೋಡಿ. ನನ್ನ ಕಾಲದಲ್ಲಿ ನಾವು ಹೀಗೆ ಓದ್ತಿದ್ವಿ. ಪಕ್ಕೆಲುಬಿನ ಅಂಚಿಗೆ ಸರಿಯಾಗಿ ಉದ್ದಕ್ಕೆ ಸೀಳಿದ್ರೆ ಎಳೆತದ ತಪ್ಪು, ಅಂಚು ಚೂಪಾಗಿದೆ ಅಥವಾ ಫಾಯಿಲ್ ಬಿಗಿದದ್ದು ಸರಿಯಿಲ್ಲ. ಎರಡು ಪಕ್ಕೆಲುಬಿನ ನಡುವೆ ಪಟ್ಟಿಯುದ್ದಕ್ಕೂ ಸುಕ್ಕಾಗಿ, ಹಪ್ಪಳದ ಹಾಗೆ ಮುರಿಯೋ ಹಾಗಿದ್ರೆ ಬಿಸಿ. ಗ್ಯಾಸ್ ಕಡೆ ಬಿಳಿ ಪುಡಿ, ತಿಂದ ಹಾಗೆ ಇದ್ರೆ ಫ್ಲೋರಿನ್. ಸೂಜಿಮೊನೆಯಷ್ಟು ತೂತು, ಸುತ್ತ ಕರಗಿ ಗಟ್ಟಿಯಾದ ದಿಂಡು, ಅಕ್ಕಪಕ್ಕ ಮಸಿ ಇದ್ರೆ ಅದು ಆರ್ಕ್, ಅಂದ್ರೆ ವಿದ್ಯುತ್ ಕಿಡಿ. ದಿಂಡು ಯಾವ ಕಡೆಗಿದೆ ಅಂತಲೂ ನೋಡಿ, ವ್ಯಾಕ್ಯೂಮ್ ಕಡೆಗೋ ಗ್ಯಾಸ್ ಕಡೆಗೋ.

ಹುಬ್ಬಳ್ಳಿ ಹೈವೋಲ್ಟೇಜ್ · ಮಂಗಳವಾರ, ಮಧ್ಯಾಹ್ನ 1:20

ನಿಮ್ಮ ಗೈಡ್ ಸಾಹೇಬ್ರು ಬಿಸಿ ಅಂದ್ರಲ್ರೀ, ಲೆಕ್ಕ ಹಾಕ್ಯಾರೇನು? ನಾ ಹಾಕ್ತೀನಿ ನೋಡ್ರಿ.

ಚದರ ಸೆಂ.ಮೀ.ಗೆ 20 ಆಂಪ್, 100 ನ್ಯಾನೋಸೆಕೆಂಡ್, ಅಂದ್ರ 2 ಮೈಕ್ರೋಕೂಲಂಬ್. 300 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಇರೋ ಎಲೆಕ್ಟ್ರಾನು 25 ಮೈಕ್ರಾನ್ ಟೈಟೇನಿಯಂ ದಾಟೋದರಾಗ ಸುಮಾರು 20 ಕಿಲೋ ಕಳಕೊಂತೈತಿ. ಗುಣಿಸಿದ್ರ ಚದರ ಸೆಂ.ಮೀ.ಗೆ 0.04 ಜೂಲ್. ಅಷ್ಟು ಜಾಗಾದ ಫಾಯಿಲ್ ತೂಕ 11 ಮಿಲಿಗ್ರಾಂ, ಟೈಟೇನಿಯಂನ ಉಷ್ಣಧಾರಣೆ ಗ್ರಾಂಗೆ 0.52 ಜೂಲ್. ಏರೋದು ಎಷ್ಟು? ಒಂದ್ ಶಾಟಿಗೆ 7 ಡಿಗ್ರಿ. ಸೆಕೆಂಡಿಗೆ ಒಂದ್ ಶಾಟ್ ಅಂದ್ರ ಸರಾಸರಿ 0.04 ವಾಟ್. ನಿಂತ ಗ್ಯಾಸೂ ಅಷ್ಟು ಎಳಕೊಂತೈತಿ, ಫಾಯಿಲ್ ರೂಮಿನ ಬಿಸಿಗಿಂತ 30-40 ಡಿಗ್ರಿ ಮ್ಯಾಲ ನಿಂದರಬಹುದು. ಹೆಂಚಿಟ್ಟ ಒಲಿ ಅಲ್ರೀ ಇದು, ಮೇ ತಿಂಗಳ ಕಲಬುರ್ಗಿ ಬಿಸಿಲಿಗೆ ಬಿಟ್ಟ ಸೈಕಲ್ ಹ್ಯಾಂಡಲ್. ಇಷ್ಟಕ್ಕ ಟೈಟೇನಿಯಂ ತೂತಾಗಂಗಿಲ್ಲ.

ನೀರಿನ ಪಕ್ಕೆಲುಬಿಗೆ ರೊಕ್ಕ ಸುರೀಬ್ಯಾಡ್ರಿ.

ಪೊಟೊಮ್ಯಾಕ್ ಕನ್ನಡಿಗ · ಬುಧವಾರ, ಬೆಳಗ್ಗೆ 7:10

ನಮ್ಮಲ್ಲಿ ಈಗ ರಾತ್ರಿ. ಮೇರಿಲ್ಯಾಂಡ್‌ನಲ್ಲಿ ಇದ್ದೀನಿ, ಪಲ್ಸ್ಡ್ ಪವರ್ (ಭಾರೀ ವಿದ್ಯುತ್ತನ್ನ ಕ್ಷಣಮಾತ್ರದಲ್ಲಿ ಹೊಡೆಯೋ ಯಂತ್ರಗಳ ಕೆಲಸ) ನನ್ನ ಹೊಟ್ಟೆಪಾಡು. ಇದೇ ತೊಂದರೆಯನ್ನ ದೊಡ್ಡ ಅಳತೆಯಲ್ಲಿ ಎದುರಿಸಿದ್ದು ವಾಷಿಂಗ್ಟನ್‌ನ ನೇವಲ್ ರಿಸರ್ಚ್ ಲ್ಯಾಬೊರೇಟರಿ. ಅವರು ಬರೆದದ್ದೆಲ್ಲ ಬಹಿರಂಗವಾಗಿ ಸಿಗುತ್ತೆ.

ಅಲ್ಲಿ ಎರಡು ಯಂತ್ರ. ನೈಕಿ, 1995ರಿಂದ ಕೆಲಸ ಮಾಡ್ತಿರೋದು, ಸಾವಿರಾರು ಜೂಲ್, ಆದರೆ ಒಂದು ಶಾಟ್ ಹೊಡೆದು ಕಾಯಬೇಕು. ಇನ್ನೊಂದು ಎಲೆಕ್ಟ್ರಾ. ಅದರ ಉದ್ದೇಶವೇ ಸೆಕೆಂಡಿಗೆ ಐದು ಸಲ, ನೂರಾರು ಜೂಲ್, ನಿಲ್ಲದೆ ಓಡಿಸೋದು. ಗ್ಯಾಸ್‌ನ ಎರಡೂ ಬದಿಯಿಂದ ಬೀಮ್, ತಲಾ 500 ಕಿಲೋವೋಲ್ಟ್, ನೂರು ಕಿಲೋಆಂಪ್‌ಗೂ ಮೇಲೆ.

ಯಾಕೆ ಐದು ಸಲ? ಗುರಿ ಫ್ಯೂಷನ್, ಅಂದ್ರೆ ಲೇಸರ್‌ನಿಂದ ಪರಮಾಣು ಬೀಜ ಬೆಸೆದು ವಿದ್ಯುತ್ ತೆಗೆಯೋದು. 2022ರ ಡಿಸೆಂಬರ್ 5ರಂದು ಅಮೆರಿಕದ ದೊಡ್ಡ ಫ್ಯೂಷನ್ ಲೇಸರ್ ಇರೋ ಲಿವರ್‌ಮೋರ್‌ನಲ್ಲಿ 2.05 ಮೆಗಾಜೂಲ್ ಲೇಸರ್ ಕೊಟ್ಟು 3.15 ಮೆಗಾಜೂಲ್ ಫ್ಯೂಷನ್ ಪಡೆದದ್ದು ಎಲ್ಲ ಪತ್ರಿಕೆಯಲ್ಲೂ ಬಂತು. ಅದು ಗಾಜಿನ ಲೇಸರ್, ಗಾಜು ತಣಿಯೋಕೆ ಗಂಟೆಗಳು ಬೇಕು. ವಿದ್ಯುತ್ ಸ್ಥಾವರ ಅಂದ್ರೆ ಸೆಕೆಂಡಿಗೆ ಐದೋ ಹತ್ತೋ ಶಾಟ್, ಹಗಲೂ ರಾತ್ರಿ. ಐದರ ಲೆಕ್ಕದಲ್ಲೇ ವರ್ಷಕ್ಕೆ ಹದಿನೈದೂವರೆ ಕೋಟಿ ದಾಟುತ್ತೆ. ಗ್ಯಾಸ್‌ನ ಅನುಕೂಲ ಏನಂದ್ರೆ ಬಿಸಿಯಾದದ್ದನ್ನ ಊದಿ ಆಚೆ ಕಳಿಸಿ ತಣ್ಣಗಿನದನ್ನ ತರಬಹುದು. ಗಾಜನ್ನ ಊದೋಕಾಗಲ್ಲ.

ಎಲೆಕ್ಟ್ರಾ ಒಮ್ಮೆ ಸೆಕೆಂಡಿಗೆ ಎರಡೂವರೆ ಶಾಟ್‌ನಂತೆ ಹತ್ತು ಗಂಟೆ ನಿಲ್ಲದೆ ಓಡಿದೆ. 90,000 ಶಾಟ್. ಹದಿನೈದು ಕೋಟಿ ಎಲ್ಲಿ, ತೊಂಬತ್ತು ಸಾವಿರ ಎಲ್ಲಿ ಅಂತ ನಗಬಹುದು, ಆದರೆ ಬೇರೆ ಯಾವ ಇ-ಬೀಮ್ ಲೇಸರ್ ಜೊತೆ ಹೋಲಿಸಿದರೂ ಅದು ಬೆಟ್ಟ.

ಹುಬ್ಬಳ್ಳಿ ಸಾಹೇಬರ ಲೆಕ್ಕ ಅಲ್ಲಿಗೆ ಹಾಕಿದರೆ ಬೇರೆ ಉತ್ತರ ಬರುತ್ತೆ. ಅವರದು 25 ಮೈಕ್ರಾನ್ ಸ್ಟೇನ್‌ಲೆಸ್ ಸ್ಟೀಲ್, ಸುಮಾರು 30 ಸೆಂ.ಮೀ. ಎತ್ತರ, ಒಂದು ಮೀಟರ್ ಉದ್ದ. ನನ್ನ ಅಂದಾಜಿನಲ್ಲಿ ಶಾಟ್‌ಗೆ 9 ಡಿಗ್ರಿ, ಸೆಕೆಂಡಿಗೆ 45. ತಣಿಸದೆ ಬಿಟ್ಟರೆ ಹತ್ತು ಸೆಕೆಂಡ್‌ನಲ್ಲಿ ನಾನೂರೈವತ್ತು ಡಿಗ್ರಿ ಏರುತ್ತೆ. ಅಲ್ಲಿ ಬಿಸಿ ನಿಜವಾದ ಶತ್ರು. ಹಾಗಾಗಿ ಗ್ಯಾಸನ್ನೇ ಸುತ್ತಿಸಿ ಫಾಯಿಲ್ ಮೇಲೆ ಹಾಯಿಸ್ತಾರೆ, ಪಕ್ಕೆಲುಬಿನಲ್ಲಿ ನೀರು ಹರಿಸ್ತಾರೆ. ನಿಮ್ಮಲ್ಲಿ ಸೆಕೆಂಡಿಗೆ ಒಂದು, ಹಾಗಾಗಿ ನೆಗಡಿಗೆ ಮೂಗು ಕೊಯ್ಸೋದು ಬೇಡ.

ತೂತುಫಾಯಿಲ್ · ಬುಧವಾರ, ಬೆಳಗ್ಗೆ 10:00

ಪೊಟೊಮ್ಯಾಕ್ ಸರ್, ಒಂದು ಸಂಶಯ. ನಮ್ಮ ಬೀಮ್‌ನಲ್ಲಿ ಒಂದಷ್ಟು ಪಕ್ಕೆಲುಬಿಗೇ ಬಡಿದು ವ್ಯರ್ಥ ಆಗುತ್ತೆ. ಅವರು ಇದನ್ನ ಹೇಗೆ ತಪ್ಪಿಸಿದರು?

ಪೊಟೊಮ್ಯಾಕ್ ಕನ್ನಡಿಗ · ಗುರುವಾರ, ಬೆಳಗ್ಗೆ 6:45

ಕ್ಯಾಥೋಡನ್ನೇ ಪಟ್ಟಿಪಟ್ಟಿಯಾಗಿ ಕತ್ತರಿಸಿದರು. ಒಂದೊಂದು ಪಟ್ಟಿ ಎರಡು ಪಕ್ಕೆಲುಬಿನ ನಡುವಿನ ಸಂದಿಗೆ ಎದುರಾಗಿ. ಕೇಳೋಕೆ ಸುಲಭ, ಆದರೆ ಬೀಮ್ ಚಿವುಟಿಕೊಂಡು ಗಂಟಾಗದಿರಲಿ ಅಂತ ಉದ್ದಕ್ಕೆ ಕಾಂತಕ್ಷೇತ್ರ ಕೊಟ್ಟಿರ್ತಾರೆ. ಆ ಕ್ಷೇತ್ರದಿಂದ ಬೀಮ್ ಗ್ಯಾಪ್ ದಾಟೋವಾಗ ಕೆಲವು ಡಿಗ್ರಿ ತಿರುಗುತ್ತೆ. ನೇರವಾಗಿ ಇಟ್ಟ ಪಟ್ಟಿ ಓರೆಯಾಗಿ ಬಂದು ಪಕ್ಕೆಲುಬಿಗೇ ಬೀಳುತ್ತೆ. ಅಷ್ಟೇ ಡಿಗ್ರಿ ಉಲ್ಟಾ ತಿರುಗಿಸಿ ಕ್ಯಾಥೋಡ್ ಪಟ್ಟಿ ಅಂಟಿಸಿದ ಮೇಲೆ, ಬೀಮಿನ ಸುಮಾರು ಮುಕ್ಕಾಲು ಪಾಲು ಗ್ಯಾಸ್ ತಲುಪಿತು. ಬಿಲ್ಲಿನವರು ಗಾಳಿ ನೋಡಿ ಓರೆ ಗುರಿ ಇಡ್ತಾರಲ್ಲ, ಹಾಗೆ.

ಇನ್ನೊಂದು ವಿಷಯ. ಅಗಲವಾದ ಡಯೋಡ್‌ಗಳಲ್ಲಿ ಎಲೆಕ್ಟ್ರಾನ್‌ಗಳು ತಾವೇ ತಾಳ ಹಾಕೋಕೆ ಶುರು ಮಾಡ್ತವೆ, ಗ್ಯಾಪ್ ದಾಟೋ ಹೊತ್ತಿಗೆ ಸರಿಯಾಗಿ ಮೈಕ್ರೋವೇವ್ ಕಂಪನ ಎದ್ದುಬಿಡುತ್ತೆ. ಆಗ ಎಲ್ಲ ಎಲೆಕ್ಟ್ರಾನ್‌ಗೂ ಒಂದೇ ಶಕ್ತಿ ಇರಲ್ಲ, ಸೋತವು ಫಾಯಿಲ್‌ನಲ್ಲೇ ಕೂತುಬಿಡ್ತವೆ. ನೈಕಿಯಲ್ಲಿ ಕ್ಯಾಥೋಡ್‌ಗೆ ಸೀಳು ಕೊಟ್ಟು, ಸೀಳಿನಲ್ಲಿ ಆ ಕಂಪನ ಹೀರೋ ರೆಸಿಸ್ಟರ್ ಕೂರಿಸಿ ಅಡಗಿಸಿದರು. ನಿಮ್ಮದು 8 ಸೆಂ.ಮೀ., ಇದರ ಚಿಂತೆ ಬಿಡಿ.

ಗಾಳಿಮಾತು · ಗುರುವಾರ, ಸಂಜೆ 5:30

ಇದು ಆ ಕಾಳಿ 5000 ಅಲ್ವಾ? ಶತ್ರು ಕ್ಷಿಪಣಿನ ಲೇಸರ್‌ನಿಂದ ಸುಟ್ಟು ಹಾಕೋದು? ವಾಟ್ಸಾಪ್‌ನಲ್ಲಿ ವಿಡಿಯೋ ಬಂದಿತ್ತು, ಇಲ್ಲಿ ಹಾಕ್ಲಾ?

ವ್ಯಾಕ್ಯೂಮ್ ಮಾಮ · ಗುರುವಾರ, ಸಂಜೆ 5:48

ಬೇಡಪ್ಪ. ಕಾಳಿ ಅಂದ್ರೆ ಕಿಲೋ ಆಂಪಿಯರ್ ಲೀನಿಯರ್ ಇಂಜೆಕ್ಟರ್, ಭಾಭಾ ಅಣುಶಕ್ತಿ ಕೇಂದ್ರದ ಎಲೆಕ್ಟ್ರಾನ್ ವೇಗವರ್ಧಕ. ಲೇಸರ್ ಅಲ್ಲ. ಅದರ ಬೀಮ್‌ನಿಂದ ಕ್ಷಣದ ಎಕ್ಸ್-ರೇ, ಮೈಕ್ರೋವೇವ್ ಹೊರಡಿಸ್ತಾರೆ. ಈ ಹುಡುಗನ ಯಂತ್ರಕ್ಕೆ ದೂರದ ದೊಡ್ಡಪ್ಪ ಅನ್ನಬಹುದು, ಅಷ್ಟೇ.

ನಿರ್ವಾಹಕಿ · ಗುರುವಾರ, ಸಂಜೆ 6:02

ಕಾಳಿ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಫಾಯಿಲ್ ಮಾತ್ರ.

ಗಾಜಿನಮನೆ · ಗುರುವಾರ, ರಾತ್ರಿ 9:15

ನನ್ನ ಕೆಲಸ ಆಪ್ಟಿಕ್ಸ್. ಒಂದು ಕೇಳ್ತೀನಿ: ಫ್ಲೋರಿನ್ ಜೊತೆ ಟೈಟೇನಿಯಂ ಯಾಕೆ ಆರಿಸಿದ್ರಿ? ಟೈಟೇನಿಯಂ ಟೆಟ್ರಾಫ್ಲೋರೈಡ್ 284 ಡಿಗ್ರಿಯಲ್ಲಿ ನೇರ ಆವಿಯಾಗುತ್ತೆ. ಸ್ಟೀಲ್, ನಿಕ್ಕಲ್ ಮೇಲೆ ಫ್ಲೋರೈಡ್ ಪದರ ಕೂತು ಕವಚ ಆಗುತ್ತೆ. ಟೈಟೇನಿಯಂನಲ್ಲಿ ಎಲ್ಲಾದರೂ ಒಂದು ಚುಕ್ಕೆ ಬಿಸಿಯಾದರೆ ಕವಚ ಎದ್ದು ಹೋಗಿ ಹೊಸ ಲೋಹ ಮತ್ತೆ ತಿನ್ನಿಸಿಕೊಳ್ಳುತ್ತೆ.

ತೂತುಫಾಯಿಲ್ · ಗುರುವಾರ, ರಾತ್ರಿ 9:40

ಹಗುರ, ಎಲೆಕ್ಟ್ರಾನ್ ಕಡಿಮೆ ತಡೆಯುತ್ತೆ ಅಂತ ಹಿಂದಿನ ವಿದ್ಯಾರ್ಥಿ ಆರಿಸಿದ್ದು ಮೇಡಂ. ಡ್ರಾಯರ್ ತುಂಬಾ ಅದೇ ಇತ್ತು. ನಿಜ ಹೇಳಬೇಕಂದ್ರೆ ಅದೇ ಕಾರಣ.

ವ್ಯಾಕ್ಯೂಮ್ ಮಾಮ · ಶುಕ್ರವಾರ, ಬೆಳಗ್ಗೆ 5:50

ಇನ್ನೊಂದು, ಇದು ಫಾಯಿಲ್‌ಗಿಂತ ಮುಖ್ಯ. ಫಾಯಿಲ್ ಹೋದಾಗ ಫ್ಲೋರಿನ್ ಎಲ್ಲಿಗೆ ಹೋಗುತ್ತೆ? ವ್ಯಾಕ್ಯೂಮ್ ಕಡೆಗೆ, ಅಲ್ಲಿಂದ ಪಂಪಿಗೆ. ನಿಮ್ಮ ರೋಟರಿ ಪಂಪ್‌ನಲ್ಲಿ ಯಾವ ಎಣ್ಣೆ?

ತೂತುಫಾಯಿಲ್ · ಶುಕ್ರವಾರ, ಬೆಳಗ್ಗೆ 9:05

ಮಾಮೂಲಿ ಪಂಪ್ ಎಣ್ಣೆ ಸರ್...

ವ್ಯಾಕ್ಯೂಮ್ ಮಾಮ · ಶುಕ್ರವಾರ, ಬೆಳಗ್ಗೆ 9:07

ಇವತ್ತು ಶಾಟ್ ಹೊಡೀಬೇಡಿ. ಮಾಮೂಲಿ ಎಣ್ಣೆಗೆ ಫ್ಲೋರಿನ್ ಸೇರಿದರೆ ಬೆಂಕಿ. ಹನ್ನೊಂದು ಸಲ ಅದೃಷ್ಟ ಕೈ ಹಿಡಿದಿದೆ. ಪರ್‌ಫ್ಲೋರೋ ಪಾಲಿಈಥರ್ ಎಣ್ಣೆ ಹಾಕೋ ಪಂಪ್ ತರಿಸಿ, ಇಲ್ಲಾ ಎಣ್ಣೆಯೇ ಇಲ್ಲದ ಪಂಪ್. ಹಳೇ ಪಂಪ್‌ನ ಎಣ್ಣೆ ಬರೀ ಬದಲಿಸಿದರೆ ಸಾಲದು, ಒಳಗೆ ಅಂಟಿದ ಜಿಡ್ಡು ಪೂರ್ತಿ ಹೋಗಬೇಕು. ಪಂಪಿನ ಮುಂದೆ ಆಲ್ಯುಮಿನಾ ಡಬ್ಬಿ ಇಟ್ಟು ಫ್ಲೋರಿನ್ ಹೀರಿಸಿ. ಫಾಯಿಲ್ ಹೋದ ಕೂಡಲೇ ಒತ್ತಡ ಏರಿದ್ದು ಕಂಡು ಬಾಗಿಲು ಹಾಕೋ ವಾಲ್ವ್ ಹಾಕಿಸಿ. ಗೈಡ್‌ಗೆ ಕೊಟೇಶನ್ ತೋರಿಸೋದಾದ್ರೆ ಇದನ್ನ ತೋರಿಸಿ, ನೀರಿನ ಪಕ್ಕೆಲುಬನ್ನಲ್ಲ.

ನಾನು ಒಂದು ಸಲ ನೋಡಿದ್ದೀನಿ. ಲ್ಯಾಬ್ ಹೆಸರು ಬೇಡ. ರಾತ್ರಿ ಹತ್ತರ ಮೇಲೆ, ಪಂಪಿನ ಹೊಗೆಕೊಳವೆ ಬುಡ ಕೆಂಪಗಾಗಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ವಾಸನೆ ಇನ್ನೂ ಮೂಗಲ್ಲಿದೆ.

ತೂತುಫಾಯಿಲ್ · ಶುಕ್ರವಾರ, ಬೆಳಗ್ಗೆ 9:31

ನಿಲ್ಲಿಸಿದ್ದೀನಿ ಸರ್. ಗೈಡ್‌ಗೆ ಹೇಳಿದೆ. ಅವರ ಮುಖ ಬಿಳಿಚಿತು.

ಹುಬ್ಬಳ್ಳಿ ಹೈವೋಲ್ಟೇಜ್ · ಶನಿವಾರ, ಮಧ್ಯಾಹ್ನ 12:10

ಶಾಟ್ ನಿಂತಾವಲ್ಲ, ಈಗ ಹಳೇ ದಾಖಲಿ ನೋಡ್ರಿ. ಡಯೋಡ್ ವೋಲ್ಟೇಜ್ ಸ್ಕೋಪ್‌ನಾಗ (ವೋಲ್ಟೇಜ್ ಗೆರಿ ಬರದು ತೋರಸೋ ಯಂತ್ರ) ಎಷ್ಟು ಹೊತ್ತು ತೆಗಿತೀರಿ?

ತೂತುಫಾಯಿಲ್ · ಶನಿವಾರ, ಮಧ್ಯಾಹ್ನ 12:25

ಪರದೆಯ ಒಂದು ಮನೆಗೆ 50 ನ್ಯಾನೋಸೆಕೆಂಡ್, ಹತ್ತು ಮನೆ. ಒಟ್ಟು 500. ಪಲ್ಸ್ ನೂರೇ ಅಲ್ವಾ ಸರ್.

ಹುಬ್ಬಳ್ಳಿ ಹೈವೋಲ್ಟೇಜ್ · ಶನಿವಾರ, ಮಧ್ಯಾಹ್ನ 12:58

ಪಲ್ಸ್ ನೂರು. ಆದ್ರ ಫಾಯಿಲ್ ಸಾಯೋದು ನೂರರ ಒಳಗ ಅಲ್ರೀ, ಆಮ್ಯಾಲ.

ಹಿಂಗ ಆಗತೈತಿ. ವೆಲ್ವೆಟ್‌ನಿಂದ ಪ್ಲಾಸ್ಮಾ ಹೊಂಟು ಫಾಯಿಲ್ ಕಡೆ ಹರಿತೈತಿ, ಮೈಕ್ರೋಸೆಕೆಂಡಿಗೆ ಎರಡು ಸೆಂ.ಮೀ. ಅಂತ ಹಿಡ್ರಿ. ಪಲ್ಸ್ ಒಳಗ ಬರೇ 2 ಮಿಲಿಮೀಟರ್, ಏನೂ ತ್ರಾಸಿಲ್ಲ. ಆದ್ರ ಗ್ಯಾಪ್ ಕಿರಿದಾದಂಗ ಡಯೋಡ್ ಇಂಪಿಡೆನ್ಸ್ (ಕರೆಂಟಿಗೆ ಒಡ್ಡೋ ತಡೆ) ಇಳಿತೈತಿ. ಡಯೋಡಿಗೆ ಪಲ್ಸ್ ತರೋ ನಿಮ್ಮ ಲೈನ್ 47 ಓಮ್ ಇರಬೇಕು, 300 ಭಾಗಿಸು 6.4. ಡಯೋಡ್ ಅದಕ್ಕಿಂತ ಕೆಳಗ ಇಳಿದ ಕೂಡಲೇ ಪ್ರತಿಫಲನ ಉಲ್ಟಾ ಚಿಹ್ನೆ ತಗೊಂಡು ಹೋಗಿ ತಿರುಗಿ ಬರತೈತಿ. ಆಗ ಫಾಯಿಲ್ ಆನೋಡ್ ಅಲ್ಲ, ಅದೇ ಕ್ಯಾಥೋಡ್! ವೆಲ್ವೆಟ್‌ಗೆ ಲಕ್ಷ ಎಳಿ ಅದಾವ, ಎಲ್ಲಾ ಕಡೆಯಿಂದ ಹಂಚಿಕೊಂಡು ಬಿಡತೈತಿ. ಫಾಯಿಲ್ ಮ್ಯಾಲ ಎಲ್ಲಿ ಒಂದು ಗೀರು, ಒಂದು ಧೂಳಿನ ಕಣ ಐತೋ ಅಲ್ಲೇ ಎಲ್ಲಾ ಕರೆಂಟು. ಎರಡು ಮೈಕ್ರೋಸೆಕೆಂಡಿಗೆ ಪ್ಲಾಸ್ಮಾ ಬಂದು ಮುಟ್ಟಿ ಗ್ಯಾಪ್ ಶಾರ್ಟ್ ಆತು, ಮಾರ್ಕ್ಸ್‌ನಾಗ (ಲೈನಿಗೆ ಹೈವೋಲ್ಟೇಜ್ ತುಂಬೋ ಕೆಪಾಸಿಟರ್ ಸಾಲು) ಉಳದ ಶಕ್ತಿಯೆಲ್ಲಾ ಅಲ್ಲೇ ಸುರೀತು.

ಎಷ್ಟು ಶಕ್ತಿ ಬೇಕು ತೂತಾಗಾಕ? ಒಂದು ಚದರ ಮಿಲಿಮೀಟರ್ ಟೈಟೇನಿಯಂ ಫಾಯಿಲ್ ಕರಗಸಾಕ ಸುಮಾರು 0.15 ಜೂಲ್ ಸಾಕು. ನಿಮ್ಮ ಪಲ್ಸ್‌ನಾಗ 190 ಜೂಲ್ ಐತಿ. ಸಾವಿರದಾಗ ಒಂದು ಪಾಲೂ ಬ್ಯಾಡ್ರೀ.

ಪೊಟೊಮ್ಯಾಕ್ ಕನ್ನಡಿಗ · ಭಾನುವಾರ, ಬೆಳಗ್ಗೆ 8:20

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಎಲೆಕ್ಟ್ರಾದವರೂ ಇದನ್ನೇ ಕಂಡು, ವೋಲ್ಟೇಜ್ ಉಲ್ಟಾ ಆದಾಗ ಫಾಯಿಲ್‌ನಿಂದ ಎಲೆಕ್ಟ್ರಾನ್ ಹೊರಡೋದರ ಬಗ್ಗೆಯೇ ಒಂದು ಪ್ರಬಂಧ ಬರೆದಿದ್ದಾರೆ. ಫಾಯಿಲ್ ಆಯುಷ್ಯ ನೋಡೋಕೆ ಹೋದವರು ಕೊನೆಗೆ ಪಲ್ಸ್ಡ್ ಪವರ್ ರಿಪೇರಿಗೆ ಕೂತರು.

ಸ್ಪಾರ್ಕ್ ಗ್ಯಾಪ್, ಅಂದ್ರೆ ಕಿಡಿ ಹಾರಿಸಿ ಲೈನನ್ನ ಡಯೋಡ್‌ಗೆ ಜೋಡಿಸೋ ಸ್ವಿಚ್, ಅದನ್ನೂ ನೋಡಿ. ಎಲೆಕ್ಟ್ರೋಡ್ ಸವೆದ ಗ್ಯಾಪ್ ಆಗಾಗ ಅವಧಿಗೆ ಮುಂಚೆ ಹಾರುತ್ತೆ. ಲೈನ್ ಅರ್ಧ ತುಂಬಿದ್ದಾಗ ಹಾರಿದರೆ ಡಯೋಡ್‌ಗೆ ಹೋಗೋ ವೋಲ್ಟೇಜ್ ಕಡಿಮೆ. ನೂರು ಕಿಲೋವೋಲ್ಟ್‌ಗಿಂತ ಕೆಳಗಿನ ಎಲೆಕ್ಟ್ರಾನ್‌ಗಳಿಗೆ ನಿಮ್ಮ ಫಾಯಿಲ್ ದಾಟೋದೇ ದೊಡ್ಡ ಸಾಹಸ, ಬಹುಪಾಲು ಅಲ್ಲೇ ನಿಲ್ತವೆ. ಒಳ್ಳೇ ಶಾಟ್‌ಗೆ ಏಳು ಡಿಗ್ರಿ ಏರೋ ಫಾಯಿಲ್, ಕೆಟ್ಟ ಶಾಟ್‌ಗೆ ಅದರ ಎಷ್ಟೋ ಪಟ್ಟು ಏರುತ್ತೆ. ಪಲ್ಸ್ ನಿಧಾನ ಏರಿ ನಿಧಾನ ಇಳಿದರೂ ಇದೇ ಕಥೆ, ತಲೆ ಮತ್ತು ಬಾಲ ಎರಡೂ ಫಾಯಿಲ್‌ಗೇ ಕಾಣಿಕೆ.

ಸ್ಪಾರ್ಕ್ ಗ್ಯಾಪನ್ನೇ ಬಿಟ್ಟು ಅರೆವಾಹಕ ಸ್ವಿಚ್‌ಗಳಿಂದ ಮಾರ್ಕ್ಸ್ ಕಟ್ಟಿ, ಸೆಕೆಂಡಿಗೆ ಹತ್ತರಂತೆ 1 ಕೋಟಿ 15 ಲಕ್ಷ ಶಾಟ್ ನಿಲ್ಲದೆ ಹೊಡೆದು ತೋರಿಸಿದ್ದೂ ಎಲೆಕ್ಟ್ರಾ ಯೋಜನೆಯಲ್ಲೇ. ಹದಿಮೂರು ದಿನ, ಹಗಲೂ ರಾತ್ರಿ. ಅದು ಲೇಸರ್ ಇಲ್ಲದ ಬರೀ ಪಲ್ಸರ್, 200 ಕಿಲೋವೋಲ್ಟ್. ಆದರೂ ದಾರಿ ಯಾವ ಕಡೆ ಅಂತ ಗೊತ್ತಾಯ್ತು.

ತೂತುಫಾಯಿಲ್ · ಎರಡು ವಾರದ ನಂತರ, ಬುಧವಾರ ರಾತ್ರಿ 11:50

ತಡ ಆಯ್ತು, ಕ್ಷಮಿಸಿ. ಹೊಸ ಪಂಪ್ ಬಂತು. ಫ್ಲೋರಿನ್ ಇಲ್ಲದೆ, ಬರೀ ಆರ್ಗಾನ್ ತುಂಬಿಸಿ ಶಾಟ್ ಹೊಡೆದು ನೋಡಿದೆವು.

ಮೊದಲು ಫಾಯಿಲ್. ಬೀರುವಿನ ಎರಡನ್ನೂ ಮೈಕ್ರೋಸ್ಕೋಪ್ ಕೆಳಗಿಟ್ಟೆ. ಒಂದರಲ್ಲಿ ತೂತು ಒಂದು, ಇನ್ನೊಂದರಲ್ಲಿ ಮೂರು. ನಾಲ್ಕಕ್ಕೂ ದಿಂಡು ವ್ಯಾಕ್ಯೂಮ್ ಕಡೆಗೇ, ಸುತ್ತ ಮಸಿ. ಅಂದ್ರೆ ಆರ್ಕ್, ಅದೂ ಡಯೋಡ್ ಕಡೆಯದು. ತೂತಾಗದ ಕಡೆಯೂ ಪುಟ್ಟ ಪುಟ್ಟ ಗುಳಿ, ಸಿಡುಬಿನ ಕಲೆ ಇದ್ದ ಹಾಗೆ. ನಾನು ಎಣಿಸಿದ್ದು ಒಂದು ಪಟ್ಟಿಯಲ್ಲೇ ನಲವತ್ತು ದಾಟಿತು, ಆಮೇಲೆ ಬಿಟ್ಟೆ.

ಆಮೇಲೆ ಸ್ಕೋಪ್. ಮನೆಗೆ 500 ನ್ಯಾನೋಸೆಕೆಂಡ್ ಮಾಡಿದೆ. 600ರ ಹತ್ತಿರ ವೋಲ್ಟೇಜ್ ಉಲ್ಟಾ ದಿಕ್ಕಿಗೆ 110 ಕಿಲೋವೋಲ್ಟ್! ಆಮೇಲೆ ಇನ್ನೆರಡು ಸಲ ತೂಗಾಡಿ, ಎರಡು ಮೈಕ್ರೋಸೆಕೆಂಡ್ ಹೊತ್ತಿಗೆ ಚಪ್ಪಟೆ, ಗ್ಯಾಪ್ ಶಾರ್ಟ್. ನಮ್ಮ ಪರದೆ ಸರಿಯಾಗಿ 500ಕ್ಕೆ ಮುಗೀತಿತ್ತು. ಮೂರು ವರ್ಷ ನಾವು ಯಕ್ಷಗಾನದಲ್ಲಿ ಪೂರ್ವರಂಗ ನೋಡಿ ಎದ್ದು ಮನೆಗೆ ಹೋಗಿದ್ದೆವು.

ಗೈಡ್ ಅರ್ಧ ನಿಮಿಷ ಸುಮ್ಮನೆ ಇದ್ದು "ಪಕ್ಕೆಲುಬಿನ ಆರ್ಡರ್ ಕ್ಯಾನ್ಸಲ್ ಮಾಡು" ಅಂದ್ರು.

ಹುಬ್ಬಳ್ಳಿ ಹೈವೋಲ್ಟೇಜ್ · ಗುರುವಾರ, ಬೆಳಗ್ಗೆ 8:40

ಭಾಳ ಛಲೋ ಆತು! ಈಗ ಮಾಡೋದು ಕೇಳ್ರಿ. ಡಯೋಡ್‌ಗೆ ಸಮಾಂತರವಾಗಿ 150 ಓಮ್ ರೆಸಿಸ್ಟರ್ ಹಾಕ್ರಿ. ಗ್ಯಾಪ್ 5.3 ಸೆಂ.ಮೀ. ಮಾಡ್ರಿ, ಡಯೋಡ್ 68 ಓಮ್ ಆಗತೈತಿ. ಎರಡೂ ಕೂಡಿ 47, ಲೈನಿಗೆ ಸರಿ. ಗ್ಯಾಪ್ ದೊಡ್ಡದಾತು ಅಂದ್ರ ಮುಚ್ಚಾಕೂ ಹೊತ್ತು ಹಿಡಿತೈತಿ. ಒಂದು ನೆನಪಿರಲಿ, ಗ್ಯಾಪ್ ಶಾರ್ಟ್ ಆದ ಮ್ಯಾಲ ಆ ರೆಸಿಸ್ಟರ್‌ದಾಗ ಏನೂ ಹರಿಯಂಗಿಲ್ಲ. ಗ್ಯಾಪ್ ಶಾರ್ಟ್ ಆಗೋಕಿಂತ ಮೊದಲ ಶಕ್ತಿ ಬಸಿದು ಮುಗಿಸಬೇಕು. ಅದಕ್ಕ ಮಾರ್ಕ್ಸ್ ಬಾಯಿಗೆ ಒಂದು ಅಡ್ಡ ಸ್ಪಾರ್ಕ್ ಗ್ಯಾಪ್ ಇಟ್ಟು, ಪಲ್ಸ್ ಹೋದ ಕೂಡಲೇ ಉಳಿದದ್ದನ್ನ ನೆಲಕ್ಕ ಇಳಿಸ್ರಿ.

ರೆಸಿಸ್ಟರ್ ಕೊಳ್ಳಾಕ ಹೋಗಬ್ಯಾಡ್ರಿ. ಪ್ಲಾಸ್ಟಿಕ್ ಕೊಳವಿಗೆ ಮೈಲುತುತ್ತದ ನೀರು, ಎರಡೂ ತುದಿಗೆ ತಾಮ್ರ. ಅಷ್ಟೇ.

ಬರೀ ಓದುಗ · ಗುರುವಾರ, ಬೆಳಗ್ಗೆ 9:15

ಮೈಲುತುತ್ತ ಅಂದ್ರೆ ನಮ್ಮ ತೀರ್ಥಹಳ್ಳಿ ಕಡೆ ಅಡಿಕೆಗೆ ಕೊಳೆ ರೋಗಕ್ಕೆ ಸುಣ್ಣ ಸೇರಿಸಿ ಹೊಡೀತಾರಲ್ಲ, ಅದೇನಾ?

ಹುಬ್ಬಳ್ಳಿ ಹೈವೋಲ್ಟೇಜ್ · ಗುರುವಾರ, ಬೆಳಗ್ಗೆ 9:22

ಅದೇ ಅದೇ. ಆದ್ರ ತೋಟದ ಚೀಲದ್ದು ಬ್ಯಾಡ, ಲ್ಯಾಬಿಂದು ತಗೋರಿ. ಸುಣ್ಣ ಅಂತೂ ಬ್ಯಾಡ್ರೀ!

ವ್ಯಾಕ್ಯೂಮ್ ಮಾಮ · ಗುರುವಾರ, ಸಂಜೆ 4:30

ವೆಲ್ವೆಟ್ ಮಾತು ಬಂದದ್ದಕ್ಕೆ ಒಂದು ಹಳೇ ಕಥೆ. ನಮ್ಮ ಕಾಲದಲ್ಲಿ ಕ್ಯಾಥೋಡ್‌ಗೆ ವೆಲ್ವೆಟ್ ಬೇಕಾದಾಗ ಚಿಕ್ಕಪೇಟೆಗೆ ಹೋದೆ. ಅಂಗಡಿಯವರು ಕೆಂಪು, ನೀಲಿ ಎಲ್ಲ ಹರವಿ "ರವಿಕೆಗಾ ಸಾರ್, ದೇವರ ಪೀಠಕ್ಕಾ?" ಅಂದ್ರು. ನಾನು ಎಳೆ ಎಷ್ಟು ನಿಂತಿದೆ ಅಂತ ಬೆರಳಲ್ಲಿ ಉಲ್ಟಾ ಸವರಿ ಸವರಿ ನೋಡ್ತಿದ್ದೆ. ಎರಡು ಮೀಟರ್ ತಂದೆ. ಆರು ತಿಂಗಳ ಮೇಲೆ ಆಡಿಟ್‌ನವರ ಆಕ್ಷೇಪಣೆ: "ವೆಲ್ವೆಟ್ ಬಟ್ಟೆ 2 ಮೀಟರ್, ಪ್ರಯೋಗಾಲಯದಲ್ಲಿ ಇದರ ಉಪಯೋಗ ವಿವರಿಸುವುದು." ನಾಲ್ಕು ಪುಟ ವಿವರಿಸಿದೆ. ಒಪ್ಪಿದರೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಹೇಳಬೇಕಾದ ಮಾತು ಏನಂದ್ರೆ, ಅಂಗಡಿ ವೆಲ್ವೆಟ್‌ಗೆ ಗಂಜಿ, ಬಣ್ಣ ಇರುತ್ತೆ. ಬಿಸಿನೀರಲ್ಲಿ ತೊಳೆದು ಒಣಗಿಸದೆ ಹಾಕಿದ್ರೆ ಒಂದೊಂದು ಶಾಟ್‌ಗೂ ಗ್ಯಾಸ್ ಬಿಡುತ್ತೆ, ಪ್ಲಾಸ್ಮಾ ಬೇಗ ಓಡುತ್ತೆ, ಎಳೆ ಸುಟ್ಟು ಉದುರಿ ಫಾಯಿಲ್ ಮೇಲೆ ಕೂರುತ್ತೆ. ಆ ಕಸವೇ ಆಮೇಲೆ ಆರ್ಕ್‌ಗೆ ಮೊಳೆ. ನಿಮ್ಮ ವೆಲ್ವೆಟ್ ಹಾಕಿ ಎಷ್ಟು ದಿನ ಆಯ್ತು?

ತೂತುಫಾಯಿಲ್ · ಗುರುವಾರ, ಸಂಜೆ 6:00

ನಾನು ಸೇರೋಕೆ ಮುಂಚಿನದು ಸರ್. ತೆಗೆದು ನೋಡಿದೆ, ಒಂದು ತುದಿ ಬೋಳು. ತೂತುಗಳೂ ಅದೇ ತುದಿಗೆ ಎದುರು! ಕಾರ್ಬನ್ ನಾರಿನದು ತರಿಸ್ತೀವಿ.

ತೂತುಫಾಯಿಲ್ · ಎರಡು ತಿಂಗಳ ನಂತರ, ಶನಿವಾರ ಸಂಜೆ 7:20

ವರದಿ. ಕಾರ್ಬನ್ ನಾರಿನ ಕ್ಯಾಥೋಡ್, 5.3 ಸೆಂ.ಮೀ. ಗ್ಯಾಪ್, ಮೈಲುತುತ್ತದ ಕೊಳವೆ, ಮಾರ್ಕ್ಸ್ ಬಾಯಿಗೆ ಅಡ್ಡ ಗ್ಯಾಪ್, ಸ್ಟೀಲ್ ಫಾಯಿಲ್. ಉಲ್ಟಾ ವೋಲ್ಟೇಜ್ 110ರಿಂದ 25 ಕಿಲೋವೋಲ್ಟ್‌ಗೆ ಇಳಿದಿದೆ. ಇವತ್ತಿಗೆ 7,400 ಶಾಟ್, ಅದೇ ಫಾಯಿಲ್.

ಬೆಲೆ ಕಟ್ಟಿದ್ದೂ ಹೇಳಬೇಕು. ಲೇಸರ್ ಶಕ್ತಿ 9 ಜೂಲ್ ಇದ್ದದ್ದು 6ಕ್ಕೆ ಬಂದಿದೆ. ರೆಸಿಸ್ಟರ್ ತನ್ನ ಪಾಲು ತಿನ್ನುತ್ತೆ, ಸ್ಟೀಲ್ ಟೈಟೇನಿಯಂಗಿಂತ ಹೆಚ್ಚು ತಡೆಯುತ್ತೆ. ಗೈಡ್‌ಗೆ ಮುಖ ಸ್ವಲ್ಪ ಸಣ್ಣಗಾಯ್ತು. ಆದರೆ ನನಗೆ ದಿನಾ ಬರೋ ಆರು ಜೂಲ್ ಸಾಕು.

ಈಗ ಹೊಸ ತಲೆನೋವು. 5,000 ದಾಟಿದ ಮೇಲೆ ಶಕ್ತಿ ಮೆಲ್ಲಗೆ ಕುಸೀತಿದೆ, ಇವತ್ತು 5.1. ಹೊಸ ಗ್ಯಾಸ್ ತುಂಬಿದರೂ ಪೂರ್ತಿ ಮೇಲೆ ಬರ್ತಿಲ್ಲ. ಇಷ್ಟು ದಿನ ಫಾಯಿಲ್ ಮೊದಲು ಹೋಗ್ತಿದ್ದರಿಂದ ಇದು ಕಂಡೇ ಇರಲಿಲ್ಲ.

ಗಾಜಿನಮನೆ · ಶನಿವಾರ, ರಾತ್ರಿ 8:05

ಇದು ನನ್ನ ಪಾಲಿಗೆ ಬಂತು. ಲೇಸರ್ ಬೆಳಕು ಹೊರಬರೋ ಕಿಟಕಿ ಯಾವುದು, ಫ್ಯೂಸ್ಡ್ ಸಿಲಿಕಾ ಗಾಜಾ? ಗ್ಯಾಸ್‌ನಲ್ಲಿ ತೇವಾಂಶ ಇದ್ದರೆ ಫ್ಲೋರಿನ್ ಜೊತೆ ಸೇರಿ ಹೈಡ್ರೋಜನ್ ಫ್ಲೋರೈಡ್ ಆಗುತ್ತೆ, ಅದು ಸಿಲಿಕಾ ತಿನ್ನುತ್ತೆ, ಕಿಟಕಿ ಮಬ್ಬಾಗುತ್ತೆ. ಇನ್ನೊಂದು ಸಾಧ್ಯತೆ ಬಣ್ಣದ ಕೇಂದ್ರ. ಬೀಮ್ ಲೋಹಕ್ಕೆ ಬಡಿದಾಗ ಹೊರಡೋ ಎಕ್ಸ್-ರೇ, ದಾರಿ ತಪ್ಪಿದ ಎಲೆಕ್ಟ್ರಾನ್ ಗಾಜಿನೊಳಗೆ ದೋಷ ಮಾಡ್ತವೆ, ನಿಮ್ಮ ಲೇಸರ್ ಬೆಳಕಿನ 248 ನ್ಯಾನೋಮೀಟರ್‌ಗೆ ಗಾಜು ನಿಧಾನ ಕುರುಡಾಗುತ್ತೆ. ಮೊದಲನೆಯದಾದರೆ ಮಬ್ಬು ಮೇಲ್ಮೈಯಲ್ಲಿ, ಒಳಬದಿಯಲ್ಲಿ ಮಾತ್ರ. ಎರಡನೆಯದಾದರೆ ಮೇಲ್ಮೈ ಹೊಳೀತಾ ಇರುತ್ತೆ, ಆದರೆ ಬೆಳಕು ಹಾಯಲ್ಲ. ಕಿಟಕಿ ಬಿಚ್ಚಿ, ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಮತ್ತೆ, ದಯವಿಟ್ಟು ಬಿಸಾಕಬೇಡಿ.

ತೂತುಫಾಯಿಲ್ · ಶನಿವಾರ, ರಾತ್ರಿ 8:30

ಇಲ್ಲ ಮೇಡಂ, ಈಗ ಎಲ್ಲಕ್ಕೂ ತಾರೀಕು, ಶಾಟ್ ಸಂಖ್ಯೆ ಬರೆದು ಡಬ್ಬಿಯಲ್ಲಿ ಇಡ್ತೀನಿ. ಸೋಮವಾರ ಕಿಟಕಿ ಬಿಚ್ಚಿ ಫೋಟೋ ಹಾಕ್ತೀನಿ.

ವ್ಯಾಕ್ಯೂಮ್ ಮಾಮ · ಭಾನುವಾರ, ಬೆಳಗ್ಗೆ 6:05

ಬಿಚ್ಚೋಕೆ ಮುಂಚೆ ಒಳಗಿನ ಫ್ಲೋರಿನ್ ಆಲ್ಯುಮಿನಾ ಡಬ್ಬಿ ಮೂಲಕ ಪೂರ್ತಿ ಎಳೆದು, ಮೂರು ಸಲ ಆರ್ಗಾನ್ ತುಂಬಿ ತೆಗೀರಿ. ಕಿಟಕಿಯ ಓ-ರಿಂಗ್ ಫೋಟೋನೂ ಹಾಕಿ. ತೇವ ಎಲ್ಲಿಂದ ಬರ್ತಿದೆ ಅಂತ ಅದೇ ಹೇಳುತ್ತೆ.